ಒರಾಕಲ್ ಎಕ್ಯೂ ಬದಲಿಗೆ ಪೋಸ್ಟ್‌ಗ್ರೆಸ್ ಟೇಬಲ್ಲೇ ಸಾಕಾಯ್ತು: ನನ್ನ ಅನುಭವ

ಎಕ್ಯೂ ಅಂದ್ರೆ ಒರಾಕಲ್ ಡೇಟಾಬೇಸ್ ಒಳಗೇ ಇರೋ ಮೆಸೇಜ್ ಕ್ಯೂ, ಮೆಸೇಜ್‌ಗಳು ಸರದಿಯಲ್ಲಿ ಕಾಯೋ ಜಾಗ. ಅದರ ಬದಲಿಗೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಮಾಮೂಲಿ ಟೇಬಲ್ ಬಳಸ್ತೀನಿ ಅಂದಾಗ, ಟೇಬಲ್ಲನ್ನ ಕ್ಯೂ ಮಾಡ್ಬೇಡ, ಹಳ್ಳ ಹಿಡಿಯುತ್ತೆ ಅಂತ ಟೀಮಲ್ಲಿ ಎಲ್ಲರೂ ಮೂಗು ಮುರಿದಿದ್ರು. ಪ್ರೊಡಕ್ಷನ್‌ನಲ್ಲಿ ಓಡಕ್ಕೆ ಶುರುವಾಗಿ ಈಗ ವರ್ಷದ ಮೇಲಾಯ್ತು, ದಿನಕ್ಕೆ ಹೆಚ್ಚುಕಮ್ಮಿ 30 ಲಕ್ಷ ಮೆಸೇಜ್ ಹೋಗ್ತಿದೆ, ಅದಕ್ಕೇ ಬರೀತಿದೀನಿ. ಒರಾಕಲ್‌ನಿಂದ ಅರೋರಾ ಪೋಸ್ಟ್‌ಗ್ರೆಸ್‌ಗೆ (ಅಮೆಜಾನ್ ನಡೆಸಿಕೊಡೋ ಪೋಸ್ಟ್‌ಗ್ರೆಸ್ ಥರದ ಡೇಟಾಬೇಸ್) ಬಂದೋರಿಗೆ ಗೊತ್ತೇ ಇದೆ, ಟೇಬಲ್ಲು ಪ್ರೊಸೀಜರ್ರು ಹೆಂಗೋ ಕನ್ವರ್ಟ್ ಆಗುತ್ತೆ, ಎಕ್ಯೂ ಬಳಸೋ ಡಿಬಿಎಂಎಸ್_ಎಕ್ಯೂ ಕಾಲ್ ಇರೋ ಕಡೆ ಗಾಡಿ ನಿಲ್ಲುತ್ತೆ.

ಮೊದ್ಲು ಎಲ್ಲರ ಒತ್ತಾಯಕ್ಕೆ ಎಸ್‌ಕ್ಯೂಎಸ್‌ಗೇ (ಅಮೆಜಾನ್‌ನ ಮೆಸೇಜ್ ಕ್ಯೂ ಸೇವೆ) ಹೋದ್ವಿ. ಅಲ್ಲಿ ಮೆಸೇಜ್ ತಡೆದಿಡೋ ಡಿಲೇ 15 ನಿಮಿಷ ದಾಟಲ್ಲ, ನಮ್ದೋ ಎರಡು ದಿನ ಬಿಟ್ಟು ಹೋಗ್ಬೇಕಾದ ರಿಮೈಂಡರ್‌ಗಳು. ಅದಕ್ಕಿಂತ ದೊಡ್ಡ ಏಟು ಅಂದ್ರೆ, ಎಕ್ಯೂನಲ್ಲಿ ಮೆಸೇಜ್ ಟ್ರಾನ್ಸಾಕ್ಷನ್ ಜೊತೇನೇ ಕಮಿಟ್ (ಖಾಯಂ) ಆಗ್ತಿತ್ತು, ಇಲ್ಲಿ ಆರ್ಡರ್ ರೋಲ್‌ಬ್ಯಾಕ್ (ರದ್ದು) ಆದ್ರೂ ಮೆಸೇಜ್ ಹೊರಟೋಗಿರುತ್ತೆ, ಇಲ್ಲದ ಆರ್ಡರಿಗೆ ಕನ್‌ಫರ್ಮೇಷನ್ ಮೇಲ್! ಹಂಗಾದ್ರೆ ಔಟ್‌ಬಾಕ್ಸ್ ಟೇಬಲ್ ಇಡು ಅಂದ್ರು, ಅಂದ್ರೆ ಮೆಸೇಜನ್ನ ಮೊದ್ಲು ಡೇಟಾಬೇಸಲ್ಲೇ ಬರೆದಿಟ್ಟು ಆಮೇಲೆ ಕ್ಯೂಗೆ ಕಳಿಸೋದು. ಅಲ್ಲ ಸ್ವಾಮಿ, ಟೇಬಲ್ ಇಡೋದೇ ಆದ್ರೆ ಅದರಿಂದ್ಲೇ ಓದಿದ್ರೆ ಆಯ್ತಲ್ಲ, ನಡುವೆ ಇನ್ನೊಂದು ಯಾಕೆ? ಇನ್ನೊಬ್ರು ಮ್ಯಾನೇಜ್ಡ್ ಕಾಫ್ಕಾ (ಬಾಡಿಗೆಗೆ ಸಿಗೋ ಇನ್ನೊಂದು ಮೆಸೇಜ್ ಸಿಸ್ಟಂ) ಅಂದ್ರು, ಎಸ್ಟಿಮೇಟ್ ತಿಂಗಳಿಗೆ 500 ಡಾಲರ್ ಆಸುಪಾಸು ಬಂತು, ಮೆಸೇಜ್ ಇರ್ಲಿ ಬಿಡ್ಲಿ ಕಟ್ಟೋದೇ.

ನಾನು ಮಾಡಿದ್ದು ಇಷ್ಟೇ: ವರ್ಕರ್ (ಕ್ಯೂನಿಂದ ಕೆಲಸ ಎತ್ತೋ ಪ್ರೋಗ್ರಾಂ) ‘ಫಾರ್ ಅಪ್‌ಡೇಟ್ ಸ್ಕಿಪ್ ಲಾಕ್ಡ್’ ಹಾಕಿ (ಬೇರೆಯವರು ಹಿಡಿದಿರೋ ಸಾಲನ್ನ ಬಿಟ್ಟು ಮುಂದೆ ಹೋಗೋದು, ಪೋಸ್ಟ್‌ಗ್ರೆಸ್ 9.5ರಿಂದ ಇದೆ) 50 ರೋ (ಸಾಲು) ಎತ್ಕೊಳ್ಳುತ್ತೆ, ಕೆಲಸ ಮುಗಿಸಿ ಅದೇ ಟ್ರಾನ್ಸಾಕ್ಷನ್‌ನಲ್ಲಿ ಡಿಲೀಟ್. ಡಿಲೇಗೆ ಒಂದು ಟೈಮ್ ಕಾಲಂ, ಐದು ಸಲ ಫೇಲಾದದ್ದು ಬೇರೆ ಟೇಬಲ್ಲಿಗೆ.

ಒಂದು ತಿಂಗಳು ಬೆಣ್ಣೆ ಥರ ಓಡ್ತು. ಆಮೇಲೊಂದಿನ 2-3 ಮಿಲಿಸೆಕೆಂಡಿನ ಡಿಕ್ಯೂ (ಕ್ಯೂನಿಂದ ಎತ್ತೋದು) 400ಕ್ಕೆ ಹೋಯ್ತು, ಸಿಪಿಯು 90%. ಇನ್‌ಸ್ಟೆನ್ಸ್ (ಡೇಟಾಬೇಸ್ ಸರ್ವರ್) ಒಂದು ಸೈಜ್ ಏರಿಸೋಣ ಅಂದ್ರು, ಅಂದ್ರೆ ಬಿಲ್ ಡಬಲ್, ನಾನು ಒಪ್ಲಿಲ್ಲ. ಪಿಜಿ_ಸ್ಟಾಟ್_ಆ್ಯಕ್ಟಿವಿಟಿಯಲ್ಲಿ (ಕನೆಕ್ಷನ್‌ಗಳು ಏನು ಮಾಡ್ತಿವೆ ಅನ್ನೋ ಪಟ್ಟಿ) ಬ್ಯಾಕೆಂಡ್_ಎಕ್ಸ್‌ಮಿನ್ (ಯಾರು ಎಷ್ಟು ಹಳೇ ಡೇಟಾ ಹಿಡ್ಕೊಂಡಿದಾರೆ ಅನ್ನೋದು) ನೋಡಿದ್ರೆ ಯಾವ್ದೋ ರಿಪೋರ್ಟ್ ಕ್ವೆರಿ ಮೂರು ಗಂಟೆಯಿಂದ ಕೂತಿದೆ, ಅದು ಮುಗಿಯೋ ತನಕ ಡಿಲೀಟ್ ಆದ ಸಾಲುಗಳನ್ನ ವ್ಯಾಕ್ಯೂಮ್ (ಸತ್ತ ಸಾಲುಗಳನ್ನ ಗುಡಿಸೋ ಕೆಲಸ) ಮುಟ್ಟಲ್ಲ, ಪ್ರತಿ ಡಿಕ್ಯೂನೂ ಆ ಸತ್ತ ಸಾಲುಗಳನ್ನೆಲ್ಲ ತುಳ್ಕೊಂಡೇ ಹೋಗ್ಬೇಕು. ರಿಪೋರ್ಟನ್ನ ರೀಡರ್‌ಗೆ (ಓದಕ್ಕೆ ಮಾತ್ರ ಇರೋ ಇನ್ನೊಂದು ಸರ್ವರ್) ತಳ್ಳಿದ್ವಿ, ಅರೋರಾದಲ್ಲಿ ಅದೂ ನಡೆಯಲ್ಲ, ರೀಡರ್ ಮೇಲಿನ ಉದ್ದ ಕ್ವೆರೀನೂ ರೈಟರ್‌ನ (ಬರೆಯೋ ಮುಖ್ಯ ಸರ್ವರ್) ವ್ಯಾಕ್ಯೂಮನ್ನ ಹಿಡ್ಕೊಳ್ಳುತ್ತೆ. ಕೊನೆಗೆ ಕ್ಯೂನ ಪಾರ್ಟಿಷನ್ (ತುಂಡು ತುಂಡು) ಮಾಡಿ, ಕೆಲಸ ಖಾಲಿಯಾದ ತುಂಡನ್ನ ಟ್ರಂಕೇಟ್ (ಒಂದೇ ಏಟಿಗೆ ಒರೆಸೋದು) ಮಾಡ್ತಾ ಹೋದೆ, ಅದಕ್ಕೆ ವ್ಯಾಕ್ಯೂಮೇ ಬೇಡ. ಟ್ರಂಕೇಟ್ ಪೂರ್ತಿ ಲಾಕ್ ಕೇಳುತ್ತೆ, ಲಾಕ್_ಟೈಮೌಟ್ (ಲಾಕಿಗೆ ಕಾಯೋ ಮಿತಿ) ಸಣ್ಣದಿಡಿ. ಖಾಲಿಯಾಯ್ತು ಅಂತ ಸೇಫಾಗಿ ತೀರ್ಮಾನ ಮಾಡೋ ಲಾಜಿಕ್ ಒಂದಿದೆ, ಅದು ನನ್ ಹತ್ರಾನೇ ಇರ್ಲಿ, ಅದಕ್ಕೆ ತುಂಬ ನಿದ್ದೆಗೆಟ್ಟಿದೀನಿ.

ನಡುವೆ ಲಿಸನ್-ನೋಟಿಫೈ (ಹೊಸ ಮೆಸೇಜ್ ಬಂತು ಅಂತ ಡೇಟಾಬೇಸೇ ವರ್ಕರಿಗೆ ಹೇಳೋದು) ಚಪಲಾನೂ ತೀರಿಸ್ಕೊಂಡೆ. ಪೇಲೋಡ್ (ಜೊತೆಗೆ ಕಳಿಸೋ ಮಾಹಿತಿ) 8000 ಬೈಟ್ ಒಳಗಿರ್ಬೇಕು, ಪಿಜಿಬೌನ್ಸರ್ (ಡೇಟಾಬೇಸ್ ಕನೆಕ್ಷನ್ ಹಂಚೋ ಪ್ರೋಗ್ರಾಂ) ಟ್ರಾನ್ಸಾಕ್ಷನ್ ಮೋಡಲ್ಲಿ ಲಿಸನ್ ಕೆಲಸ ಮಾಡಲ್ಲ, ಪೀಕ್‌ನಲ್ಲಿ ಕಮಿಟ್‌ಗಳೇ ಒಂದರ ಹಿಂದೆ ಒಂದು ಕಾಯಕ್ಕೆ ಶುರು ಮಾಡಿದ್ವು, ಯಾಕಂದ್ರೆ ನೋಟಿಫೈ ಕಮಿಟ್ ಟೈಮಲ್ಲಿ ಎಲ್ಲಕ್ಕೂ ಸೇರಿ ಒಂದೇ ಲಾಕ್ ಹಿಡಿಯುತ್ತೆ. ಕಿತ್ತಾಕಿ ಪೋಲಿಂಗೇ (ವರ್ಕರೇ ಆಗಾಗ ಬಂದು ನೋಡೋದು) ಇಟ್ಟೆ: ಕೆಲಸ ಇದ್ರೆ 100 ಮಿಲಿಸೆಕೆಂಡಿಗೊಮ್ಮೆ, ಇಲ್ದಿದ್ರೆ ಎರಡು ಸೆಕೆಂಡಿನ ತನಕ ನಿಧಾನ.

ಮಲ್ಟಿ ಕನ್ಸ್ಯೂಮರ್ ಕ್ಯೂ (ಒಂದೇ ಮೆಸೇಜ್ ಹಲವು ಸಬ್‌ಸ್ಕ್ರೈಬರಿಗೆ ಹೋಗೋದು) ಒಂದೆರಡಿತ್ತು, ಅದಕ್ಕೆ ಸಬ್‌ಸ್ಕ್ರೈಬರಿಗೆ ಒಂದೊಂದು ರೋ ಇನ್ಸರ್ಟ್ ಮಾಡ್ತೀನಿ. ನಾಕೈದು ಸಬ್‌ಸ್ಕ್ರೈಬರ್ ತನಕ ತೊಂದ್ರೆ ಇಲ್ಲ, ಇಪ್ಪತ್ತು ಮೂವತ್ತು ಇರೋರು ಇದನ್ನ ಮಾಡಕ್ಕೆ ಹೋಗ್ಬೇಡಿ.