1967ರ ಮಸ್ಟಾಂಗಿಗೆ ಬೋಲ್ಟ್‌ಗಳಿಂದ ರೋಲ್ ಕೇಜ್ ಕೂರಿಸುವುದು

ರೋಲ್ ಕೇಜ್ ಎಂದರೆ ಕಾರು ಮಗುಚಿದಾಗ ಚಾವಣಿ ಕುಸಿದು ಒಳಗಿದ್ದವರ ಮೇಲೆ ಬೀಳದಂತೆ ತಡೆಯುವ ಉಕ್ಕಿನ ಕೊಳವೆಗಳ ಪಂಜರ. ಕರ್ನಾಟಕದ ಕೆ-1000 ರ್‍ಯಾಲಿಯ ಕಾರುಗಳೊಳಗೆ ಒಮ್ಮೆಯಾದರೂ ಇಣುಕಿ ನೋಡಿದವರಿಗೆ ಅದರ ರೂಪ ಪರಿಚಿತ. ಅಮೆರಿಕದಲ್ಲಿ 1960ರ ದಶಕದ ಮಸಲ್ ಕಾರುಗಳನ್ನು, ಅಂದರೆ ದೊಡ್ಡ ಎಂಜಿನ್ನಿನ ವೇಗದ ಕಾರುಗಳನ್ನು, ಜತನದಿಂದ ಉಳಿಸಿಕೊಂಡು, ಬಿಡುವಾದಾಗ ನೇರ ಓಟದ ಪಂದ್ಯದ ಹಾದಿಯಾದ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಓಡಿಸುವವರಿಗೆ ಈ ಪಂಜರದ ಅಗತ್ಯ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ನಾನೂ ನನ್ನ ಗೆಳೆಯನೂ ಅವನ 1967ರ ಫೋರ್ಡ್ ಕಂಪನಿಯ ಫಾಸ್ಟ್‌ಬ್ಯಾಕ್ ಮಸ್ಟಾಂಗಿಗೆ ಇಂಥದೊಂದು ಪಂಜರವನ್ನು ಮನೆಯ ಗ್ಯಾರೇಜಿನಲ್ಲಿಯೇ ಕೂರಿಸಿದೆವು. ಆ ಕೆಲಸದಲ್ಲಿ ನಾನು ಮನಗಂಡ ಸಂಗತಿ ಒಂದೇ: ಕೊಳವೆ ಕಾರ್ಖಾನೆಯಿಂದಲೇ ಗಟ್ಟಿಯಾಗಿ ಬಂದಿರುತ್ತದೆ, ಅದು ನಿಲ್ಲುವ ನೆಲವನ್ನು ಗಟ್ಟಿ ಮಾಡುವುದೇ ನಮ್ಮ ಕೆಲಸ.

ಮೊದಲು ಅಗತ್ಯವೇನೆಂದು ತಿಳಿದುಕೊಳ್ಳಬೇಕು. ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆಯಾದ ಎನ್‌ಎಚ್‌ಆರ್‌ಎ ನಿಯಮದಂತೆ ಕಾಲು ಮೈಲಿಯನ್ನು 11.49 ಸೆಕೆಂಡಿನಲ್ಲಿ ಅಥವಾ ಅದಕ್ಕಿಂತ ಬೇಗ ಮುಗಿಸುವ ಕಾರಿಗೆ ಕನಿಷ್ಠ ರೋಲ್ ಬಾರ್, ಅಂದರೆ ಚಾಲಕನ ಹಿಂದೆ ನಿಲ್ಲುವ ಕೊಳವೆಯ ಕಮಾನು, ಇರಬೇಕು. ಚಾವಣಿ ಮಡಚುವ ಕನ್ವರ್ಟಿಬಲ್ ಕಾರಿಗೆ ಈ ಮಿತಿ 13.49 ಸೆಕೆಂಡು. ನೆಲವನ್ನೂ ಎಂಜಿನ್ನಿನ ಹಿಂದಿನ ಫೈರ್‌ವಾಲನ್ನೂ ಮಾರ್ಪಡಿಸದ ಕಾರಿಗೆ 10.00 ಸೆಕೆಂಡಿನವರೆಗೆ ರೋಲ್ ಬಾರ್ ಸಾಕು. ಆದರೆ 9.99 ಅಥವಾ ಅದಕ್ಕಿಂತ ವೇಗದ ಓಟಕ್ಕೆ, ಇಲ್ಲವೇ ಗಂಟೆಗೆ 135 ಮೈಲಿ ಮುಟ್ಟುವ ಕಾರಿಗೆ ಪೂರ್ತಿ ಪಂಜರವೇ ಬೇಕು. ನಿಮ್ಮ ಕಾರು ಒಂಬತ್ತು ಸೆಕೆಂಡಿನ ಹತ್ತಿರಕ್ಕೆ ಹೋಗುವುದಾದರೆ ಬೋಲ್ಟ್ ಹಾಕುವ ಕಿಟ್ಟನ್ನು ಕೊಳ್ಳಬೇಡಿ. ಅನುಭವಿ ವೆಲ್ಡರ್ ಬಳಿ ಹೋಗಿ ಬೆಸುಗೆಯ ಪಂಜರವನ್ನೇ ಮಾಡಿಸಿ, ಚಾಸಿಯ, ಅಂದರೆ ಕಾರಿನ ಚೌಕಟ್ಟಿನ, ಪ್ರಮಾಣೀಕರಣವನ್ನೂ ಪಡೆಯಿರಿ.

ಹನ್ನೊಂದು ಹನ್ನೆರಡು ಸೆಕೆಂಡಿನಲ್ಲಿ ಓಡುತ್ತ, ಮಿಕ್ಕ ದಿನಗಳಲ್ಲಿ ರಸ್ತೆಯಲ್ಲೂ ತಿರುಗುವ ಹಳೆಯ ಕಾರಿಗೆ ಬೋಲ್ಟ್‌ಗಳ ಪಂಜರ ಯೋಗ್ಯವಾದ ಆಯ್ಕೆ ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಬೆಸುಗೆಯ ಕಿಡಿ ಐವತ್ತಕ್ಕೂ ಹೆಚ್ಚು ವರ್ಷ ಹಳೆಯ ಹತ್ತಿ, ಡಾಂಬರು ಹಾಳೆ, ಪೆಟ್ರೋಲಿನ ಹತ್ತಿರ ಹಾರುವ ಭಯವಿಲ್ಲ. ಮುಂದೊಂದು ದಿನ ಕಾರನ್ನು ಮೂಲ ಸ್ಥಿತಿಗೆ ತರಬೇಕೆನಿಸಿದರೆ ಮುಚ್ಚಬೇಕಾದದ್ದು ಕೆಲವು ತೂತುಗಳನ್ನು ಮಾತ್ರ. ಈ ಕಾರುಗಳಿಗೆ ಇದೇನೂ ಪರಕೀಯ ವಸ್ತುವಲ್ಲ. ಮಸ್ಟಾಂಗನ್ನೇ ಆಧರಿಸಿದ 1967ರ ಶೆಲ್ಬಿ ಜಿಟಿ350 ಮತ್ತು ಜಿಟಿ500 ಕಾರುಗಳು ರೋಲ್ ಬಾರ್ ಮತ್ತು ಹೆಗಲಪಟ್ಟಿಗಳ ಸಮೇತವೇ ಮಾರಾಟಕ್ಕೆ ಬಂದಿದ್ದವು.

ಕಿಟ್ ಆರಿಸುವಾಗ ನಾಲ್ಕು ಕಾಲಿನದೋ ಆರು ಕಾಲಿನದೋ ಎಂಬ ಪ್ರಶ್ನೆ ಬರುತ್ತದೆ. ಚಾಲಕನ ಹಿಂದೆ ನಿಲ್ಲುವ ದೊಡ್ಡ ಕಮಾನು, ಅದನ್ನು ಹಿಂದಿನಿಂದ ಆತುಕೊಳ್ಳುವ ಎರಡು ಓರೆ ಕೊಳವೆಗಳು ಸೇರಿದರೆ ನಾಲ್ಕು ಕಾಲಿನ ರೋಲ್ ಬಾರ್ ಆಗುತ್ತದೆ; ಅದಕ್ಕೆ ವಿಂಡ್‌ಶೀಲ್ಡ್ ಕಂಬಗಳ ಪಕ್ಕದಲ್ಲಿ ಇಳಿದು ಮುಂದಿನ ನೆಲಕ್ಕೆ ಊರುವ ಎರಡು ಕೊಳವೆಗಳು ಸೇರಿದರೆ ಆರು ಕಾಲಿನ ಪಂಜರ. ಕೊಳವೆ ಸಾಧಾರಣ ಉಕ್ಕಿನದಾದರೆ ಹೊರವ್ಯಾಸ 1.75 ಇಂಚು, ಗೋಡೆಯ ದಪ್ಪ 0.118 ಇಂಚು, ಅಂದರೆ ಸುಮಾರು 3 ಮಿಲಿಮೀಟರ್ ಇರಬೇಕು. ಇಂಥ ಕೊಳವೆ ಮೀಟರಿಗೆ ಮೂರು ಕಿಲೋ ತೂಗುತ್ತದೆ.

ಇಲ್ಲಿ ಒಂದು ಅಪಾಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ರೇಸಿನಲ್ಲಿ ಜೀವ ಉಳಿಸುವ ಇದೇ ಕೊಳವೆ, ಹೆಲ್ಮೆಟ್ ಇಲ್ಲದೆ ರಸ್ತೆಯಲ್ಲಿ ಹೋಗುವಾಗ ಸಣ್ಣ ಡಿಕ್ಕಿಯಲ್ಲೂ ತಲೆಬುರುಡೆಯನ್ನು ಒಡೆಯಬಲ್ಲದು. ಸೀಟಿನಲ್ಲಿ ಕುಳಿತು ಪಟ್ಟಿ ಕಟ್ಟಿಕೊಂಡು, ತಲೆಯನ್ನು ಮುಂದಕ್ಕೂ ಪಕ್ಕಕ್ಕೂ ಚಾಚಿ ನೋಡಿ. ಅಪಘಾತದಲ್ಲಿ ದೇಹ ಅದಕ್ಕಿಂತಲೂ ಬಹಳ ದೂರ ಚಾಚಿಕೊಳ್ಳುತ್ತದೆ. ಆದ್ದರಿಂದ ರಸ್ತೆಗೂ ಬಳಸುವ ಕಾರಿಗೆ, ಮುಂದಿನ ಕೊಳವೆಗಳನ್ನು ಬೋಲ್ಟ್ ಬಿಚ್ಚಿ ತೆಗೆದಿಡಲು ಬರುವಂಥ ಕಿಟ್ಟನ್ನೇ ಆರಿಸಿ, ರೇಸಿನ ದಿನ ಮಾತ್ರ ಅವನ್ನು ಜೋಡಿಸಿ. ತಲೆಗೆ ತಾಗಬಹುದಾದ ಎಲ್ಲ ಕಡೆಗೂ, ರೇಸಿಂಗ್ ಸುರಕ್ಷತಾ ಸಾಮಗ್ರಿಗೆ ಮಾನದಂಡ ನಿಗದಿ ಮಾಡುವ ಅಮೆರಿಕದ ಸಂಸ್ಥೆಯಾದ ಎಸ್‌ಎಫ್‌ಐ 45.1 ದರ್ಜೆಯ ಗಟ್ಟಿ ಪ್ಯಾಡಿಂಗ್ ಇರಬೇಕು. ನೀರಿನ ಪೈಪಿಗೆ ಸುತ್ತುವ ಮೆತ್ತನೆಯ ಫೋಮ್ ನೋಡಲು ಹಾಗೆಯೇ ಇದ್ದರೂ ಹೆಬ್ಬೆರಳಿನಿಂದ ಒತ್ತಿದರೆ ಕೊಳವೆಯವರೆಗೆ ಚಪ್ಪಟೆಯಾಗುತ್ತದೆ, ಅದರಿಂದ ಉಪಯೋಗವಿಲ್ಲ.

ನೆಲದ ಪರೀಕ್ಷೆ

ಮಸ್ಟಾಂಗಿಗೆ ಪ್ರತ್ಯೇಕವಾದ ಚೌಕಟ್ಟಿಲ್ಲ; ತಗಡಿನ ದೇಹವೇ ಅದರ ಚೌಕಟ್ಟು. ಅದೇ ಕಾಲದ ಶೆವ್ರೊಲೆ ಕಂಪನಿಯ ಶೆವೆಲ್ ಕಾರಿನಲ್ಲಿ ಕೆಳಗೆ ಬೇರೆಯೇ ಫ್ರೇಮ್ ಇರುವುದರಿಂದ ಪಂಜರವನ್ನು ಆ ಫ್ರೇಮಿಗೇ ಕಟ್ಟಬೇಕಾಗುತ್ತದೆ. ನಮ್ಮ ಕಾರಿನಲ್ಲಾದರೋ ಒಂದು ಮಿಲಿಮೀಟರಿನ ಆಸುಪಾಸಿನ ನೆಲದ ತಗಡೇ ಎಲ್ಲ ಭಾರವನ್ನೂ ಹೊರಬೇಕು. ಕೊಳವೆಯನ್ನು ಅದರ ಮೇಲೆ ನೇರವಾಗಿ ಊರಿದರೆ, ಕಾರು ಮಗುಚಿದ ಕ್ಷಣದಲ್ಲಿ ಕೆಸರಿನಲ್ಲಿ ಮಂಚದ ಕಾಲು ಇಳಿಯುವಂತೆ ಅದು ನೆಲವನ್ನು ಸೀಳಿಕೊಂಡು ಇಳಿದುಬಿಡುತ್ತದೆ. ಇದನ್ನು ತಡೆಯಲೆಂದೇ ಎನ್‌ಎಚ್‌ಆರ್‌ಎ ನಿಯಮವು ತಗಡಿನ ಮೇಲೊಂದು ಕೆಳಗೊಂದು, ಆರು ಇಂಚು ಚೌಕದ, ಎಂಟನೇ ಒಂದು ಇಂಚು ದಪ್ಪದ ಉಕ್ಕಿನ ಪ್ಲೇಟ್‌ಗಳನ್ನಿಟ್ಟು, ಕನಿಷ್ಠ ನಾಲ್ಕು 3/8 ಇಂಚಿನ ಬೋಲ್ಟ್‌ಗಳಿಂದ ಬಿಗಿಯಬೇಕೆಂದು ಹೇಳುತ್ತದೆ. ಕಿಟ್ಟಿನ ಜೊತೆ ಬರುವ ಪ್ಲೇಟ್ ಇದಕ್ಕಿಂತ ಚಿಕ್ಕದಾಗಿದ್ದರೆ ಅದನ್ನು ಪಕ್ಕಕ್ಕಿಟ್ಟು, ಅಳತೆಯ ಪ್ಲೇಟನ್ನು ಕತ್ತರಿಸಿಕೊಳ್ಳಿ.

ಬ್ಯಾಟರಿಯ ತಂತಿ ಕಳಚಿ, ಮುಂದಿನ ಹಿಂದಿನ ಸೀಟುಗಳನ್ನೂ ಕಾರ್ಪೆಟ್ಟನ್ನೂ ಅದರಡಿಯ ಡಾಂಬರು ಹಾಳೆಯನ್ನೂ ಪೂರ್ತಿ ತೆಗೆಯಿರಿ. ಆ ಬಳಿಕ ಸ್ಕ್ರೂಡ್ರೈವರಿನ ಹಿಡಿಯಿಂದ ನೆಲವನ್ನು ಗೇಣು ಗೇಣಿಗೆ ತಟ್ಟುತ್ತ ಹೋಗಿ. ಒಳ್ಳೆಯ ತಗಡು ಟಣ್ ಎನ್ನುತ್ತದೆ, ಕೆಟ್ಟದ್ದು ಮಂದವಾಗಿ ಡಬ್ ಎನ್ನುತ್ತದೆ. 1965ರಿಂದ 1968ರವರೆಗಿನ ಮಸ್ಟಾಂಗುಗಳಲ್ಲಿ ವಿಂಡ್‌ಶೀಲ್ಡಿನ ಬುಡದ ಗಾಳಿಕಿಂಡಿಯ ಸುತ್ತ ತುಕ್ಕು ಹಿಡಿದು ಮಳೆನೀರು ಒಳಗೆ ಸೋರುವುದು ಹಳೆಯ ರೋಗ; ಆ ನೀರು ಬಂದು ನಿಲ್ಲುವುದು ಕಾಲಿಡುವ ಜಾಗದಲ್ಲಿ, ಅಂದರೆ ಪಂಜರದ ಮುಂದಿನ ಕಾಲುಗಳು ನಿಲ್ಲಬೇಕಾದ ಕಡೆಯಲ್ಲೇ. ಗೆಳೆಯನ ಕಾರಿನಲ್ಲಿ ಎಡಗಡೆಯ ನೆಲ ಮೇಲಿನಿಂದ ಹೊಸದರಂತೆ ಹೊಳೆಯುತ್ತಿತ್ತು. ಹಿಡಿಯಿಂದ ತಟ್ಟಿದಾಗ ಸದ್ದೇ ಬರಲಿಲ್ಲ. ಮೊನೆಯಿಂದ ಒತ್ತಿದಾಗ ಸ್ಕ್ರೂಡ್ರೈವರು ಸೀದಾ ಒಳಗೆ ಹೋಗಿ, ಕೆಳಗೆ ನೆಲದ ಸಿಮೆಂಟಿನ ಮೇಲೆ ಕಂದು ಪುಡಿ ಉದುರಿತು. ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ತುಕ್ಕಿನ ಮೇಲೆಯೇ ಫೈಬರ್‌ಗ್ಲಾಸ್ ಹಚ್ಚಿ ಕಪ್ಪು ಬಣ್ಣ ಬಳಿದಿದ್ದರು. ಅಲ್ಲಿಗೆ ಕೆಲಸ ನಿಂತಿತು. ಆ ಭಾಗವನ್ನು ಕತ್ತರಿಸಿ ಹೊಸ ತಗಡಿಗೆ ಬೆಸುಗೆ ಹಾಕಿಸಿದ ಮೇಲೆಯೇ ನಾವು ಪಂಜರವನ್ನು ಮುಟ್ಟಿದ್ದು. ನಿಮಗೂ ಹೀಗಾದರೆ ದಯವಿಟ್ಟು ದೊಡ್ಡ ಪ್ಲೇಟ್ ಹಾಕಿ ಸರಿದೂಗಿಸುವ ಯೋಚನೆ ಮಾಡಬೇಡಿ.

ಕಮಾನನ್ನು ನಿಲ್ಲಿಸುವುದು

ದೊಡ್ಡ ಕಮಾನನ್ನು ಒಳಗೆ ಸೇರಿಸಲು ಇಬ್ಬರು ಬೇಕು. ಬಾಗಿಲಿನ ಅಂಚು, ಡ್ಯಾಶ್‌ಬೋರ್ಡು, ಚಾವಣಿಯ ಒಳಬಟ್ಟೆಗಳಿಗೆ ಕಂಬಳಿ ಹೊದಿಸಿ, ಬಲಬಾಗಿಲಿನಿಂದ ಒಂದು ಕಾಲನ್ನು ಮೊದಲು ತೂರಿಸಿ, ಕಮಾನನ್ನು ನಿಧಾನವಾಗಿ ಹೊರಳಿಸುತ್ತ ಒಳಗೆಳೆದು ನಿಲ್ಲಿಸಿ. ನಿಂತ ಮೇಲೆ ಆತುರ ಬೇಡ. ರಸಮಟ್ಟವನ್ನಿಟ್ಟು ಕಾರು ಸಮತಟ್ಟಾಗಿ ನಿಂತಿದೆಯೇ ಎಂದು ನೋಡಿ, ಬಳಿಕ ಗಾರೆ ಕೆಲಸದವರಂತೆ ತೂಕದ ಗುಂಡನ್ನು ಇಳಿಬಿಟ್ಟು ಕಮಾನು ನೆಟ್ಟಗಿದೆಯೇ ಎಂದು ಪರೀಕ್ಷಿಸಿ. ಎರಡೂ ಬಾಗಿಲಿನ ಹಿಂಗಂಬದಿಂದ ಕೊಳವೆಗೆ ಇರುವ ದೂರವನ್ನು ಮೇಲೆ, ನಡುವೆ, ಕೆಳಗೆ ಅಳೆದು ಬರೆದಿಟ್ಟುಕೊಳ್ಳಿ. ಚಾಲಕ ಹೆಲ್ಮೆಟ್ ಧರಿಸಿ ತನ್ನ ಸೀಟಿನಲ್ಲಿ ಎಂದಿನಂತೆ ಕುಳಿತಾಗ ಕಮಾನಿನ ನೆತ್ತಿ ಹೆಲ್ಮೆಟಿಗಿಂತ ಕನಿಷ್ಠ 3 ಇಂಚು ಮೇಲಿರಬೇಕು, ಕೊಳವೆ ತಲೆಯ ಹಿಂಭಾಗದಿಂದ ಅಥವಾ ಪಕ್ಕದಿಂದ 6 ಇಂಚಿನೊಳಗಿರಬೇಕು. ಫಾಸ್ಟ್‌ಬ್ಯಾಕಿನ ಚಾವಣಿ ಹಿಂದಕ್ಕೆ ಇಳಿಜಾರಾಗಿರುವುದರಿಂದ ಎತ್ತರದ ಚಾಲಕರಿಗೆ ಈ ಅಳತೆ ಸುಲಭವಾಗಿ ಸಿಗುವುದಿಲ್ಲ. ಆಗ ತಗ್ಗಿಸಬೇಕಾದದ್ದು ಸೀಟನ್ನು.

ಕಾಲಿನ ಪ್ಲೇಟ್ ನೆಲದ ಏರುತಗ್ಗಿಗೆ ಸರಿಯಾಗಿ ಕೂರುವುದು ಅಪರೂಪ. ರಟ್ಟಿನಿಂದ ಆರು ಇಂಚಿನ ಚೌಕ ಕತ್ತರಿಸಿ, ಅದನ್ನು ನೆಲಕ್ಕೆ ಒತ್ತಿ, ನೆಲ ಎಲ್ಲೆಲ್ಲಿ ಮಡಚುತ್ತದೆಯೋ ಅಲ್ಲಲ್ಲಿ ಗೆರೆ ಎಳೆದುಕೊಂಡು, ಆ ಗೆರೆಗಳಂತೆ ಕೆಳಗಿನ ಪ್ಲೇಟನ್ನು ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ಬಗ್ಗಿಸಿ. ಪ್ಲೇಟಿನ ಒಂದು ಅಂಚು ಬಾಗಿಲ ಹೊಸ್ತಿಲಿನ ಪೆಟ್ಟಿಗೆಯಂಥ ಭಾಗಕ್ಕೆ ಹತ್ತಿ ಒರಗಿದರೆ ಬಲು ಒಳ್ಳೆಯದು, ಏಕೆಂದರೆ ಈ ಕಾರಿನ ನೆಲದಲ್ಲಿ ಅತ್ಯಂತ ಗಟ್ಟಿಯಾದ ಜಾಗ ಅದೇ. ಸಂದು ಉಳಿದಿದೆಯೆಂದು ಬೋಲ್ಟನ್ನೇ ಬಿಗಿದು ಎಳೆದುಕೊಂಡರೆ ನೆಲದ ತಗಡು ಡೊಂಕಾಗುತ್ತದೆ, ಬೋಲ್ಟಿನ ಬಿಗಿಯೂ ದಿನಗಳೆದಂತೆ ಸಡಿಲವಾಗುತ್ತದೆ.

ಎಲ್ಲ ಕೊಳವೆಗಳನ್ನೂ ಕೈಬಿಗಿತದಲ್ಲಿ ಜೋಡಿಸಿ, ಹಿಂದಿನ ಓರೆ ಕೊಳವೆಗಳೂ ಮುಂದಿನವೂ ತಮ್ಮ ತಮ್ಮ ಜಾಗಕ್ಕೆ ಬಂದಿವೆಯೆಂದು ಖಚಿತವಾದ ಮೇಲೆಯೇ ಡ್ರಿಲ್ ಕೈಗೆತ್ತಿಕೊಳ್ಳಬೇಕು. ಕಮಾನಿಗೆ ಮೊದಲೇ ತೂತು ಕೊರೆದು, ಆಮೇಲೆ ಹಿಂದಿನ ಕಾಲು ಅರ್ಧ ಇಂಚು ಆಚೀಚೆಯಾದದ್ದನ್ನು ನೋಡಿ ಕೊರಗಿದವರು ಅನೇಕರಿದ್ದಾರೆ.

ತೂತು ಕೊರೆಯುವುದು

ಕೊರೆಯುವ ಮುನ್ನ ಕಾರನ್ನು ಸ್ಟ್ಯಾಂಡುಗಳ ಮೇಲೆ ಭದ್ರವಾಗಿ ನಿಲ್ಲಿಸಿ ಕೆಳಗೆ ತೆವಳಿ ನೋಡಿ. ಬ್ರೇಕ್ ಪೈಪು, ಪೆಟ್ರೋಲ್ ಪೈಪು, ಹ್ಯಾಂಡ್‌ಬ್ರೇಕಿನ ಕೇಬಲ್ಲುಗಳು ಎಲ್ಲಿ ಹಾದಿವೆ ಎಂದು ಸೀಮೆಸುಣ್ಣದಿಂದ ಗುರುತು ಮಾಡಿ. ಒಳಗಡೆ ಹೊಸ್ತಿಲಿನ ಪಟ್ಟಿ ಬಿಚ್ಚಿ, ಹಿಂದಿನ ದೀಪಗಳಿಗೆ ಹೋಗುವ ವೈರುಗಳ ಕಟ್ಟನ್ನು ಪಕ್ಕಕ್ಕೆ ಸರಿಸಿ. ಮೊದಲು 1/8 ಇಂಚಿನ ಚಿಕ್ಕ ತೂತು ಕೊರೆದು, ಅದರಲ್ಲಿ ತಂತಿಯ ತುಂಡು ಇಳಿಬಿಟ್ಟು, ಕೆಳಗೆ ಹೋಗಿ ಅದು ಎಲ್ಲಿ ಹೊರಬಂದಿದೆ ಎಂದು ನೋಡಿಕೊಂಡು, ಸರಿಯಿದ್ದರೆ ಮಾತ್ರ 3/8 ಇಂಚಿಗೆ ಹಿಗ್ಗಿಸಿ. ಚಿಕ್ಕ ತೂತನ್ನು ಮುಚ್ಚುವುದು ಸುಲಭ.

ಹಿಂಬದಿಯಲ್ಲಿ ಸಾಮಾನು ಇಡುವ ಡಿಕ್ಕಿಯ ವಿಷಯದಲ್ಲಿ ಇದಷ್ಟೇ ಎಚ್ಚರ ಸಾಲದು. 1970ರವರೆಗಿನ ಮಸ್ಟಾಂಗುಗಳಲ್ಲಿ ಪೆಟ್ರೋಲ್ ಟ್ಯಾಂಕು ನೆಲದ ಕೆಳಗೆ ನೇತಾಡುವುದಿಲ್ಲ. ಮೇಲಿನಿಂದ ಇಳಿಸಿ ಸುತ್ತಲೂ ಸ್ಕ್ರೂ ಹಾಕಿದ ಆ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ. ಚಾಪೆಯ ಮೇಲಿನಿಂದ ನೋಡಿದರೆ ಅದು ಬರಿಯ ತಗಡಿನಂತೆಯೇ ಕಾಣುತ್ತದೆ. ಇದನ್ನರಿಯದೆ ಅಲ್ಲಿಗೆ ಡ್ರಿಲ್ ಇಟ್ಟವನು ಕೊರೆಯುವುದು ಟ್ಯಾಂಕನ್ನೇ. ಆದ್ದರಿಂದ ಹಿಂದಿನ ಕಾಲುಗಳ ಕೆಲಸಕ್ಕೆ ಮೊದಲು ಟ್ಯಾಂಕನ್ನು ಬರಿದು ಮಾಡಿ, ಕಳಚಿ, ಗ್ಯಾರೇಜಿನಿಂದ ದೂರ, ಬಯಲಿನಲ್ಲಿ ಇಡಿ. ಬರಿದಾದ ಟ್ಯಾಂಕಿನಲ್ಲಿ ಉಳಿದ ಆವಿಯು ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತಲೂ ಬೇಗ ಸಿಡಿಯುತ್ತದೆ. ಹಿಂದಿನ ಕಾಲುಗಳು ಊರಬೇಕಾದದ್ದು ಟ್ಯಾಂಕಿನ ಎಡಬಲಗಳಲ್ಲಿ ಹಾದುಹೋಗುವ ಪೆಟ್ಟಿಗೆಯಾಕಾರದ ಹಳಿಗಳ ಬಳಿ. ಆ ಟೊಳ್ಳು ಹಳಿಯ ಮೂಲಕ ಬೋಲ್ಟ್ ಹಾಯಿಸುವುದಾದರೆ ಒಳಗೆ ದಪ್ಪ ಗೋಡೆಯ ತುಂಡು ಕೊಳವೆಯೊಂದನ್ನು ಕೂರಿಸಲೇಬೇಕು. ಇಲ್ಲದಿದ್ದರೆ ಬಿಗಿದಷ್ಟೂ ಹಳಿ ಅಪ್ಪಚ್ಚಿಯಾಗುತ್ತ ಹೋಗುತ್ತದೆ.

ಕೊರೆದ ಅಂಚುಗಳನ್ನು ಅರದಿಂದ ಉಜ್ಜಿ, ಬರಿಯ ಲೋಹಕ್ಕೆ ಸತುವಿನ ಪ್ರೈಮರನ್ನು ತೆಳ್ಳಗೆ ಹಚ್ಚಿ. ಪ್ಲೇಟುಗಳ ನಡುವೆ ದಪ್ಪ ಬಣ್ಣವಾಗಲಿ ಡಾಂಬರಾಗಲಿ ಉಳಿಯಬಾರದು. ಅದು ಕಾಲಕ್ರಮೇಣ ಹಿಂಡಿ ಹೊರಬಂದು ಬಿಗಿತ ಕಡಿಮೆಯಾಗುತ್ತದೆ. ನೀರು ನುಗ್ಗದಂತೆ ಸೀಲರನ್ನು ಪ್ಲೇಟಿನ ಸುತ್ತಲಿನ ಅಂಚಿಗೆ ಮಾತ್ರ ಎಳೆಯಿರಿ. ಬೋಲ್ಟುಗಳು ಗ್ರೇಡ್ 8ರವಾಗಿರಲಿ; ಅವುಗಳ ತಲೆಯ ಮೇಲೆ ಆರು ಗೀಟುಗಳಿರುತ್ತವೆ, ಗ್ರೇಡ್ 5ರದಾದರೆ ಮೂರು. ಗೀಟೇ ಇಲ್ಲದ ಬೋಲ್ಟ್ ಬೇಡ. ನೈಲಾನ್ ಉಂಗುರದ ನಟ್ಟುಗಳನ್ನು ಒಮ್ಮೆ ಪೂರ್ತಿ ಬಿಗಿದು ಬಿಚ್ಚಿದ ಮೇಲೆ ಮತ್ತೆ ಬಳಸಬೇಡಿ.

ಬಿಗಿಯುವಾಗ ಮೊದಲು ಕಮಾನಿನ ಕಾಲುಗಳು, ನಂತರ ಹಿಂದಿನವು, ಕೊನೆಗೆ ಮುಂದಿನ ಕೊಳವೆಗಳು. ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ, ಗಾಲಿಯ ನಟ್ಟಿನಂತೆ ಎದುರುಬದುರಾಗಿ, ಮೂರು ಸುತ್ತಿನಲ್ಲಿ, ಕಿಟ್ ತಯಾರಕರು ಹೇಳಿದ ಅಳತೆಗೆ ಟಾರ್ಕ್ ರೆಂಚಿನಿಂದ ಮುಗಿಸಿ. ಪ್ರತಿ ಸುತ್ತಿನ ನಡುವೆ ಎರಡೂ ಬಾಗಿಲುಗಳನ್ನು ಹಾಕಿ ತೆಗೆದು ನೋಡಿ. ಬಾಗಿಲು ತಾಗತೊಡಗಿದರೆ ಪಂಜರ ದೇಹವನ್ನು ಎಳೆಯುತ್ತಿದೆ ಎಂದರ್ಥ.

ಸೀಟು ಮತ್ತು ಪಟ್ಟಿ

ಪಟ್ಟಿಯಿಲ್ಲದ ಪಂಜರಕ್ಕೆ ಅರ್ಥವಿಲ್ಲ. ಅಮೆರಿಕದಲ್ಲಿ ತಲೆಯೊರಗು ಕಡ್ಡಾಯವಾದದ್ದು 1969ರ ಜನವರಿಯಿಂದ. 1967ರ ಕಾರಿನ ಸೀಟಿನ ಬೆನ್ನು ಹೆಗಲಿಗಿಂತ ಕೆಳಗೇ ಮುಗಿಯುತ್ತದೆ, ಮೇಲಾಗಿ ಅದು ಮಡಚುವ ಬೆನ್ನು. ಅದರ ಬದಲು ಬೆನ್ನು ಮಡಚದ ರೇಸಿಂಗ್ ಸೀಟನ್ನು ಹಾಕಬೇಕು. ಹೆಗಲಪಟ್ಟಿಗಳನ್ನು ಕಮಾನಿನ ಅಡ್ಡಕೊಳವೆಗೆ ಕಟ್ಟಬೇಕು. ಆ ಅಡ್ಡಕೊಳವೆ ಚಾಲಕನ ಹೆಗಲಿಗಿಂತ ಮೇಲಿರಬಾರದು, 4 ಇಂಚಿಗಿಂತ ಹೆಚ್ಚು ಕೆಳಗೂ ಇರಬಾರದು. ಪಟ್ಟಿಯನ್ನು ಹಿಂದಿನ ನೆಲಕ್ಕೆ ಇಳಿಸಿ ಕಟ್ಟುವ ರೂಢಿ ಕೆಲವರಲ್ಲಿದೆ. ಅದು ತಪ್ಪು: ಕಾರು ಡಿಕ್ಕಿ ಹೊಡೆದಾಗ ಅಂಥ ಪಟ್ಟಿ ಹೆಗಲನ್ನು ಕೆಳಕ್ಕೆ ಜಗ್ಗಿ ಬೆನ್ನೆಲುಬನ್ನು ಅದುಮುತ್ತದೆ. ಎಸ್‌ಎಫ್‌ಐ 16.1 ಚೀಟಿಯಿರುವ ಪಟ್ಟಿಯನ್ನು ಅದರ ಮೇಲೆ ನಮೂದಾದ ತಯಾರಿಕೆಯ ದಿನಾಂಕದಿಂದ ಎರಡು ವರ್ಷಕ್ಕೆ ಬದಲಿಸಬೇಕು.

ಕೆಲಸ ಮುಗಿದ ಮೇಲೆ ಪ್ರತಿ ನಟ್ಟಿನಿಂದ ಪ್ಲೇಟಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೀಟು ಎಳೆಯಿರಿ. ಕಾರನ್ನು ಸುಮಾರು ನೂರು ಮೈಲಿ ಓಡಿಸಿ, ಮತ್ತೆ ಸ್ಟ್ಯಾಂಡುಗಳ ಮೇಲೇರಿಸಿ, ಗೀಟುಗಳನ್ನು ನೋಡಿ, ಟಾರ್ಕ್ ರೆಂಚಿನಿಂದ ಪರೀಕ್ಷಿಸಿ. ಮೊದಲ ರೇಸಿನ ದಿನದ ಬಳಿಕವೂ ಹಾಗೆಯೇ ಮಾಡಿ. ಗೀಟು ಮುರಿಯದಿದ್ದರೂ ನಟ್ಟು ಸಡಿಲವಾಗಿ ಕಂಡರೆ ಸುಮ್ಮನೆ ಮತ್ತೆ ಬಿಗಿದು ಬಿಡಬೇಡಿ. ನಟ್ಟು ತಿರುಗಿಲ್ಲ, ಅದರಡಿಯ ತಗಡು ಬಿಟ್ಟುಕೊಟ್ಟಿದೆ; ಆ ಕಾಲನ್ನು ಕಳಚಿ, ಪ್ಲೇಟ್ ತೆಗೆದು, ನೆಲವನ್ನು ಮತ್ತೊಮ್ಮೆ ತಟ್ಟಿ ನೋಡಿ.