ಮರುವಾಯಿ ಹಬೆಯಲ್ಲಿ ಬೇಯಿಸುವಾಗ ಚಿಪ್ಪಿನ ಬಾಯಿ ನೋಡುತ್ತಿರಿ

ಮರುವಾಯಿ ತಿಂದವರ ದೂರು ಸಾಮಾನ್ಯವಾಗಿ ಎರಡೇ. ಒಂದು, ಹಲ್ಲಿಗೆ ಮರಳು ಸಿಕ್ಕಿತು. ಇನ್ನೊಂದು, ರಬ್ಬರ್ ಜಗಿದ ಹಾಗಿತ್ತು. ಮೊದಲನೆಯದು ಒಲೆ ಹಚ್ಚುವ ಮುಂಚೆ ಮಾಡಿದ ಅವಸರದ ಫಲ, ಎರಡನೆಯದು ಒಲೆ ಆರಿಸಲು ಮಾಡಿದ ತಡದ ಫಲ. ಮರುವಾಯಿ ಅನ್ನಿ, ಬಳಚು ಅನ್ನಿ, ಕಪ್ಪೆಚಿಪ್ಪು ಅನ್ನಿ, ಹಬೆಯಲ್ಲಿ ಅದು ಬೇಯುವುದಕ್ಕೆ ಹತ್ತು ನಿಮಿಷವೂ ಬೇಡ. ಆದರೆ ಆ ಹತ್ತು ನಿಮಿಷಕ್ಕೆ ಮುಂಚಿನ ಒಂದೆರಡು ಗಂಟೆಯಲ್ಲೇ ಅಡುಗೆ ಅರ್ಧ ಗೆದ್ದಿರುತ್ತದೆ ಅಥವಾ ಸೋತಿರುತ್ತದೆ.

ಕೊಳ್ಳುವಾಗಿನಿಂದ ಬಡಿಸುವವರೆಗೆ ಕಣ್ಣಿಡಬೇಕಾದ ಜಾಗ ಒಂದೇ, ಚಿಪ್ಪಿನ ಬಾಯಿ. ಅದು ಹೇಗೆ ತೆರೆದು ಮುಚ್ಚುತ್ತದೆ ಎಂದು ಗೊತ್ತಿದ್ದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಎರಡು ಚಿಪ್ಪುಗಳು ಹಿಂಬದಿಯಲ್ಲಿ ಕೀಲಿನಂತೆ ಕೂಡಿಕೊಂಡಿವೆ. ಆ ಕೀಲಿನಲ್ಲಿರುವ ಗಟ್ಟಿ ಪಟ್ಟಿ ಸ್ಪ್ರಿಂಗ್‌ನಂತೆ ಸದಾ ಚಿಪ್ಪನ್ನು ತೆರೆಯಲು ನೋಡುತ್ತಿರುತ್ತದೆ. ಒಳಗೆ ಎರಡು ತುದಿಗಳಲ್ಲಿರುವ ಎರಡು ಸ್ನಾಯುಗಳು ಅದನ್ನು ಎಳೆದು ಮುಚ್ಚಿ ಹಿಡಿದಿರುತ್ತವೆ. ಅಂದರೆ ಮುಚ್ಚಿಕೊಂಡಿರುವುದಕ್ಕೆ ಜೀವ ಬೇಕು. ಜೀವ ಹೋದರೆ ಸ್ನಾಯು ಸಡಿಲಾಗಿ ಚಿಪ್ಪು ಬಾಯಿ ಬಿಡುತ್ತದೆ. ಬಿಸಿ ತಗುಲಿದರೂ ಸ್ನಾಯುವಿನ ಹಿಡಿತ ತಪ್ಪಿ ಬಾಯಿ ಬಿಡುತ್ತದೆ.

ಕೊಳ್ಳುವಾಗ

ಹಾಗಾಗಿ ಹಸಿ ಮರುವಾಯಿ ಬಿಗಿಯಾಗಿ ಮುಚ್ಚಿಕೊಂಡಿರಬೇಕು. ಸ್ವಲ್ಪ ತೆರೆದಿದ್ದರೆ ಬೆರಳಿನಿಂದ ಟಕಟಕ ತಟ್ಟಿ, ಅಥವಾ ಇನ್ನೊಂದು ಚಿಪ್ಪಿಗೆ ತಾಗಿಸಿ ಕುಟ್ಟಿ. ಬದುಕಿದ್ದರೆ ನಿಧಾನವಾಗಿಯಾದರೂ ಮುಚ್ಚಿಕೊಳ್ಳುತ್ತದೆ. ಎಷ್ಟು ತಟ್ಟಿದರೂ ಬಾಯಿ ಬಿಟ್ಟೇ ಇದ್ದರೆ, ಚಿಪ್ಪು ಒಡೆದಿದ್ದರೆ, ಕೆಟ್ಟ ವಾಸನೆ ಬರುತ್ತಿದ್ದರೆ ಎಸೆಯಿರಿ. ತಾಜಾ ಮರುವಾಯಿಗೆ ಕಡಲ ನೀರಿನ ವಾಸನೆ ಮಾತ್ರ ಇರುತ್ತದೆ. ಉಳಿದವಕ್ಕಿಂತ ತೀರಾ ಭಾರ ಅನ್ನಿಸುವ ಚಿಪ್ಪಿನ ಮೇಲೂ ಅನುಮಾನವಿರಲಿ. ಮಾಂಸವಿಲ್ಲದೆ ಒಳಗೆಲ್ಲ ಕೆಸರೇ ತುಂಬಿರುವ ಚಿಪ್ಪುಗಳು ಕೆಲವೊಮ್ಮೆ ರಾಶಿಯಲ್ಲಿ ಸೇರಿಕೊಂಡಿರುತ್ತವೆ. ಅಂಥದ್ದು ಒಂದು ಪಾತ್ರೆಯಲ್ಲಿ ತೆರೆದುಕೊಂಡರೂ ಇಡೀ ಅಡುಗೆ ಕೆಡುತ್ತದೆ.

ತೂಕದಲ್ಲಿ ಹೆಚ್ಚಿನ ಪಾಲು ಚಿಪ್ಪೇ. ಅದೇ ಮುಖ್ಯ ಊಟವಾದರೆ ಒಬ್ಬರಿಗೆ ಅರ್ಧ ಕಿಲೋ ಲೆಕ್ಕ ಹಾಕಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಮರುವಾಯಿ ನೀರನ್ನು ಸೋಸಿ ತಿನ್ನುವ ಪ್ರಾಣಿ. ಆ ನೀರಿನಲ್ಲಿ ಏನಿದೆಯೋ ಅದು ಅದರ ಮೈಯಲ್ಲೂ ಸೇರುತ್ತದೆ. ಚರಂಡಿ ನೀರು ಬಂದು ಸೇರುವ ಜಾಗದಲ್ಲಿ, ಅಥವಾ ವಿಷಕಾರಿ ಪಾಚಿ ಹಬ್ಬಿ ಎಚ್ಚರಿಕೆ ಹೊರಡಿಸಿರುವ ಕಡೆ ಆರಿಸಿದ್ದನ್ನು ಮುಟ್ಟಬೇಡಿ. ಪಾಚಿಯ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ಅದು ನರಗಳಿಗೇ ತಗುಲುವಂಥದ್ದು. ಗೊತ್ತಿರುವ ನೀರಿನ, ನಂಬಿಕೆಯ ಕೈಯಿಂದ ಬಂದ ಮರುವಾಯಿಯನ್ನೇ ತನ್ನಿ.

ಮರಳು ಬಿಡಿಸುವುದು

ನಾನು ಮೊದಲ ಸಲ ತಂದಾಗ ದೊಡ್ಡ ಪಾತ್ರೆ ತುಂಬ ನಲ್ಲಿ ನೀರು ಹಾಕಿ, ರಾತ್ರಿಯಿಡೀ ನೆನೆಸಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಅರ್ಧಕ್ಕರ್ಧ ಬಾಯಿ ಬಿಟ್ಟುಕೊಂಡು ಸತ್ತಿದ್ದವು. ಕಡಲ ಪ್ರಾಣಿಗೆ ಸಿಹಿನೀರು ಹಾಕಿದ್ದೇ ತಪ್ಪು. ಸಿಹಿನೀರಿಗೆ ಹಾಕಿದರೆ ಅದು ಬಿಗಿಯಾಗಿ ಮುಚ್ಚಿಕೊಂಡುಬಿಡುತ್ತದೆ, ಹಾಗಾಗಿ ಮರಳನ್ನೂ ಉಗುಳುವುದಿಲ್ಲ. ಹೆಚ್ಚು ಹೊತ್ತಾದರೆ ಸಾಯುತ್ತದೆ.

ಅದಕ್ಕೆ ಬೇಕಾದದ್ದು ಕಡಲಿನಷ್ಟೇ ಉಪ್ಪಿನ ನೀರು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಮನೆಯಲ್ಲಿ ಲೀಟರಿಗೆ 30ರಿಂದ 35 ಗ್ರಾಂ ಹಾಕಿದರೆ ಸರಿ. ಪುಡಿ ಉಪ್ಪಾದರೆ ದೊಡ್ಡ ಚಮಚದಲ್ಲಿ ಎರಡು ಚಮಚ ಹತ್ತಿರ ಹತ್ತಿರ ಆಗುತ್ತದೆ. ಕಲ್ಲುಪ್ಪಾದರೆ ತೂಗುವುದೇ ಮೇಲು. ಮೊದಲು ಚಿಪ್ಪುಗಳನ್ನು ಹರಿಯುವ ನೀರಿನಲ್ಲಿ ಒಂದಕ್ಕೊಂದು ಉಜ್ಜಿ ಹೊರಗಿನ ಕೆಸರು ತೊಳೆಯಿರಿ. ಆಮೇಲೆ ಅಗಲವಾದ ಪಾತ್ರೆಯೊಳಗೆ ತೂತಿನ ಜರಡಿ ಇಟ್ಟು, ಅದರಲ್ಲಿ ಮರುವಾಯಿಯನ್ನು ಒಂದೇ ಪದರವಾಗಿ ಹರಡಿ, ಮುಳುಗುವಷ್ಟು ಮಾತ್ರ ಉಪ್ಪುನೀರು ಹಾಕಿ. ಉಗುಳಿದ ಮರಳು ಜರಡಿಯ ತೂತಿನಿಂದ ಕೆಳಗಿಳಿಯಲಿ, ಮತ್ತೆ ಅವುಗಳ ಬಾಯಿಗೆ ಹೋಗದಿರಲಿ ಎಂದೇ ಈ ಏರ್ಪಾಡು. ರಾಶಿ ಹಾಕಿ ಆಳದ ನೀರಿನಲ್ಲಿಟ್ಟರೆ ಅಡಿಯಲ್ಲಿದ್ದವಕ್ಕೆ ಉಸಿರಾಡಲು ಆಗುವುದಿಲ್ಲ.

ಮೇಲೆ ಒಂದು ಬಟ್ಟೆಯನ್ನೋ ತಟ್ಟೆಯನ್ನೋ ಸಡಿಲವಾಗಿ ಮುಚ್ಚಿ, ತಂಪಾದ ಮೂಲೆಯಲ್ಲಿಡಿ. ಕತ್ತಲು ಸಿಕ್ಕರೆ ಅದು ಮರಳಿನೊಳಗಿದ್ದೇನೆ ಎಂಬಂತೆ ನಿರಾಳವಾಗುತ್ತದೆ. ಐಸ್ ನೀರು ಬೇಡ, ಮೈ ಮರಗಟ್ಟಿ ಬಾಯಿಯೇ ತೆರೆಯುವುದಿಲ್ಲ. ಅರ್ಧ ಗಂಟೆ ಬಿಟ್ಟು, ಸದ್ದು ಮಾಡದೆ ಬಟ್ಟೆಯ ಅಂಚನ್ನು ಎತ್ತಿ ನೋಡಿ. ಚಿಪ್ಪಿನ ಸಂದಿನಿಂದ ತೆಳುವಾದ ಎರಡು ಕೊಳವೆಗಳು ಹೊರಗೆ ಚಾಚಿಕೊಂಡಿರುತ್ತವೆ. ಒಂದರಿಂದ ನೀರು ಒಳಗೆ ಹೋಗುತ್ತದೆ, ಇನ್ನೊಂದರಿಂದ ಹೊರಗೆ ಬರುತ್ತದೆ. ನಿಮ್ಮ ನೆರಳು ಬಿದ್ದರೆ ಸಾಕು, ಸರಕ್ಕನೆ ಒಳಗೆ ಎಳೆದುಕೊಳ್ಳುತ್ತವೆ. ಒಮ್ಮೊಮ್ಮೆ ಚಿಳ್ಳನೆ ನೀರು ಚಿಮ್ಮಿ ಮುಖಕ್ಕೇ ಹಾರುತ್ತದೆ. ಇದನ್ನು ಮಕ್ಕಳಿಗೆ ಖಂಡಿತ ತೋರಿಸಿ.

ಒಂದರಿಂದ ಎರಡು ಗಂಟೆ ಸಾಕು. ನೀರಿನ ತಳದಲ್ಲಿ ತುಂಬಾ ಮರಳು ಕಂಡರೆ ಹೊಸ ಉಪ್ಪುನೀರು ಹಾಕಿ ಇನ್ನೊಂದು ಸುತ್ತು ಇಡಿ. ಕೊನೆಗೆ ಜರಡಿಯನ್ನೇ ಮೇಲಕ್ಕೆತ್ತಿ. ನೀರನ್ನು ಬಗ್ಗಿಸಿದರೆ ತಳದ ಮರಳೆಲ್ಲ ಮತ್ತೆ ಮರುವಾಯಿಯ ಮೇಲೇ ಬೀಳುತ್ತದೆ.

ಅಂದೇ ಬೇಯಿಸದಿದ್ದರೆ ನೀರಿಲ್ಲದ ಬಟ್ಟಲಿನಲ್ಲಿ ಹಾಕಿ, ಒದ್ದೆ ಬಟ್ಟೆ ಹೊದಿಸಿ ಫ್ರಿಜ್ಜಿನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಟ್ಟರೆ ಉಸಿರು ಕಟ್ಟಿ ಸಾಯುತ್ತವೆ. ಒಂದೆರಡು ದಿನದೊಳಗೆ ಮುಗಿಸಿ, ಬೇಯಿಸುವ ಮುಂಚೆ ಮತ್ತೊಮ್ಮೆ ತಟ್ಟಿ ನೋಡಿ.

ಒಲೆಯ ಮೇಲೆ

ಅಗಲ ಬಾಯಿಯ, ದಪ್ಪ ತಳದ, ಬಿಗಿಯಾದ ಮುಚ್ಚಳವಿರುವ ಪಾತ್ರೆ ತೆಗೆದುಕೊಳ್ಳಿ. ಎಲ್ಲ ಚಿಪ್ಪುಗಳೂ ತೆರೆದುಕೊಂಡಾಗ ಇನ್ನಷ್ಟು ಜಾಗ ಬೇಕು, ಆದ್ದರಿಂದ ಅರ್ಧಕ್ಕಿಂತ ಹೆಚ್ಚು ತುಂಬಿಸಬೇಡಿ. ಹೆಚ್ಚಿದ್ದರೆ ಎರಡು ಸಲ ಬೇಯಿಸಿ. ಕಿಕ್ಕಿರಿದ ಪಾತ್ರೆಯಲ್ಲಿ ಅಡಿಯವು ಬೆಂದು ಗಟ್ಟಿಯಾಗುತ್ತವೆ, ನಡುವಿನವು ಹಸಿಯಾಗಿ ಉಳಿಯುತ್ತವೆ.

ಒಂದು ಕಿಲೋ ಮರುವಾಯಿಗೆ ಅರ್ಧ ಕಪ್ ನೀರು ಸಾಕು. ಕಡಿಮೆ ಅನ್ನಿಸಬಹುದು, ಆದರೆ ಚಿಪ್ಪು ತೆರೆದ ಕೂಡಲೇ ಅದರೊಳಗಿನ ನೀರೇ ಪಾತ್ರೆಗೆ ಇಳಿಯುತ್ತದೆ. ಹೆಚ್ಚು ನೀರು ಹಾಕಿದರೆ ಆ ರಸ ತೆಳುವಾಗಿ ಸಪ್ಪೆಯಾಗುತ್ತದೆ. ಒಂದು ಚಮಚ ಎಣ್ಣೆ ಅಥವಾ ಬೆಣ್ಣೆ ಕಾಯಿಸಿ, ಜಜ್ಜಿದ ಐದಾರು ಎಸಳು ಬೆಳ್ಳುಳ್ಳಿ, ಸ್ವಲ್ಪ ಶುಂಠಿ ಹಾಕಿ ಘಮ ಬರುವವರೆಗೆ ಬಾಡಿಸಿ. ನೀರು ಹಾಕಿ, ಕುದಿ ಬರಲಿ. ಉಪ್ಪು ಮಾತ್ರ ಹಾಕಲೇಬೇಡಿ, ಮರುವಾಯಿಯ ರಸದಲ್ಲಿ ಬೇಕಾದಷ್ಟು ಇದೆ.

ನೀರು ಕೊತಕೊತ ಕುದಿಯುವಾಗ ಮರುವಾಯಿ ಸುರಿದು ಮುಚ್ಚಳ ಹಾಕಿ, ಉರಿ ಜೋರಾಗಿಯೇ ಇರಲಿ. ಎರಡು ಮೂರು ನಿಮಿಷದ ನಂತರ ಮುಚ್ಚಳವನ್ನು ಒತ್ತಿ ಹಿಡಿದು, ಪಾತ್ರೆಯನ್ನು ಒಂದು ಸಲ ಕುಲುಕಿಸಿ. ಕಿವಿಗೊಟ್ಟರೆ ಒಳಗಿನ ಸದ್ದು ಬದಲಾಗುವುದು ತಿಳಿಯುತ್ತದೆ. ಮೊದಲು ಕಲ್ಲು ಕುಲುಕಿದಂಥ ಭಾರದ ಸದ್ದು, ತೆರೆದುಕೊಳ್ಳತೊಡಗಿದ ಮೇಲೆ ಪಿಂಗಾಣಿ ಬಟ್ಟಲುಗಳು ತಾಗಿದಂಥ ಹಗುರ ಸದ್ದು. ಆಗ ಮುಚ್ಚಳವನ್ನು ನಿಮ್ಮಿಂದ ಆಚೆಗೆ ಓರೆಮಾಡಿ ತೆಗೆಯಿರಿ, ಹಬೆ ಕೈಯನ್ನು ಸುಡುತ್ತದೆ.

ಒಂದೆರಡು ಬಾಯಿ ಬಿಟ್ಟವೆಂದು ಉರಿ ಆರಿಸಬಾರದು. ಸ್ನಾಯು ಸಡಿಲಾಗಲು ಬೇಕಾದ ಬಿಸಿಗಿಂತ ಒಳಗಿನ ರೋಗಾಣು ಸಾಯಲು ಬೇಕಾದ ಬಿಸಿ ಹೆಚ್ಚು. ನೊರೊವೈರಸ್‌ನಂಥವು ಅರೆಬೆಂದ ಚಿಪ್ಪುಮೀನಿನಲ್ಲಿ ಉಳಿದುಬಿಡುತ್ತವೆ. ಹೆಚ್ಚಿನವು ತೆರೆದುಕೊಂಡ ಮೇಲೆ ಮತ್ತೆ ಮುಚ್ಚಿ, ಎರಡು ನಿಮಿಷ ಅದೇ ಉರಿಯಲ್ಲಿ ಬಿಡಿ. ಹಬೆ ಏಳತೊಡಗಿದಲ್ಲಿಂದ ಲೆಕ್ಕ ಹಾಕಿದರೆ ಗಾತ್ರಕ್ಕೆ ತಕ್ಕಂತೆ ಒಟ್ಟು ನಾಲ್ಕರಿಂದ ಒಂಬತ್ತು ನಿಮಿಷ. ಅದಕ್ಕಿಂತ ಹೆಚ್ಚಾದರೆ ಮಾಂಸ ಮುದುಡಿ ರಬ್ಬರ್ ಆಗುತ್ತದೆ. ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ವಯಸ್ಸಾದವರು ತಿನ್ನುವುದಾದರೆ ಈ ಎರಡು ನಿಮಿಷದಲ್ಲಿ ರಿಯಾಯಿತಿ ಬೇಡವೇ ಬೇಡ. ಚಿಪ್ಪುಮೀನಿನ ಅಲರ್ಜಿ ಇರುವವರಿಗಂತೂ ಬಡಿಸಲೇಬಾರದು.

ಕೊನೆಗೂ ಬಾಯಿ ಬಿಡದೆ ಉಳಿದವನ್ನು ಚಾಕು ಹಾಕಿ ಮೀಟಬೇಡಿ, ಎಸೆದುಬಿಡಿ. ಒಂದು ಮರುವಾಯಿಗಾಗಿ ಹೊಟ್ಟೆ ಕೆಡಿಸಿಕೊಳ್ಳುವುದು ಬೇಕಿಲ್ಲ.

ರಸ ಚೆಲ್ಲಬೇಡಿ

ಮರುವಾಯಿಯನ್ನು ಬಟ್ಟಲಿಗೆ ಎತ್ತಿಕೊಂಡ ಮೇಲೆ ತಳದಲ್ಲಿ ಬೂದುಬಣ್ಣದ, ಮಬ್ಬು ರಸ ಉಳಿಯುತ್ತದೆ. ಈ ಅಡುಗೆಯ ಅರ್ಧ ರುಚಿ ಅದರಲ್ಲೇ ಇದೆ. ಒಂದು ನಿಮಿಷ ಅಲುಗಿಸದೆ ಬಿಡಿ, ಅಳಿದುಳಿದ ಮರಳು ಕೆಳಗೆ ಕೂರುತ್ತದೆ. ತೆಳು ಬಟ್ಟೆಯಲ್ಲಿ ನಿಧಾನವಾಗಿ ಸೋಸಿ, ಕೊನೆಯ ಎರಡು ಚಮಚವನ್ನು ಪಾತ್ರೆಯಲ್ಲೇ ಬಿಡಿ. ಸೋಸಿದ ರಸಕ್ಕೆ ಕರಿಮೆಣಸಿನ ಪುಡಿ, ಅರ್ಧ ನಿಂಬೆಹಣ್ಣು ಹಿಂಡಿ ಮರುವಾಯಿಯ ಮೇಲೆ ಸುರಿದು ಬಿಸಿಬಿಸಿಯಾಗಿಯೇ ಬಡಿಸಿ. ಖಾಲಿ ಚಿಪ್ಪನ್ನೇ ಚಮಚದಂತೆ ಹಿಡಿದು ರಸ ಎತ್ತಿ ಕುಡಿದರೆ ಅದರ ಸುಖವೇ ಬೇರೆ.

ಮಿಕ್ಕರೆ ಮಾಂಸವನ್ನು ಚಿಪ್ಪಿನಿಂದ ಬಿಡಿಸಿ, ರಸದೊಳಗೇ ಮುಳುಗಿಸಿ ಫ್ರಿಜ್ಜಿಗೆ ಸೇರಿಸಿ. ಮರುದಿನ ಬಳಸುವಾಗ ಮೊದಲು ರಸವನ್ನು ಚೆನ್ನಾಗಿ ಕುದಿಸಿ, ಮಾಂಸವನ್ನು ಕೊನೆಯಲ್ಲಿ ಹಾಕಿ, ಒಳಗಿನವರೆಗೆ ಬಿಸಿಯಾದೊಡನೆ ಇಳಿಸಿ.