ಹೀರೆ ಹೀಚು ಉದುರುತ್ತಿತ್ತು, ಈಗ ನಿಂತಿದೆ

ಮುಂಬೈ ಬಳಿಯ ಡೊಂಬಿವಲಿ, ಏಳನೇ ಮಹಡಿ ಬಾಲ್ಕನಿ. ಫೆಬ್ರವರಿಯಲ್ಲಿ ಹಾಕಿದ ಹೀರೆ (ಇಲ್ಲಿನವರ ದೋಡ್ಕಾ) ಬಳ್ಳಿ ತುಂಬ ಹೂವು, ಆದರೆ ಹೀಚು ಬೆರಳುದ್ದ ಆಗುವ ಮೊದಲೇ ಹಳದಿಯಾಗಿ ಉದುರುತ್ತಿತ್ತು. ಗೊಬ್ಬರ ಕಡಿಮೆಯೆಂದು ಹಿಂಡಿ ನೆನೆಸಿದ ನೀರು ಹಾಕಿದ್ದು ತಪ್ಪು. ಸಾರಜನಕ ಹೆಚ್ಚಾಗಿ ಎಲೆಯೇ ಸೊಕ್ಕಿತು.

ನಿಜವಾದ ಕಾರಣ ಪರಾಗಸ್ಪರ್ಶ ಆಗದಿರುವುದು, ಅಂದರೆ ಗಂಡು ಹೂವಿನ ಪುಡಿ ಹೆಣ್ಣು ಹೂವಿಗೆ ತಲುಪದಿರುವುದು. ಹೀರೆ ಹೂ ಅರಳುವುದು ಸಂಜೆ, ಅಷ್ಟೆತ್ತರಕ್ಕೆ ಆ ಹೊತ್ತಿನಲ್ಲಿ ದುಂಬಿ, ಪತಂಗ ಬರುವುದು ಅಪರೂಪ. ಬೆಳಿಗ್ಗೆ ಬ್ರಷ್ ಹಿಡಿದು ಹೋದರೆ ಪ್ರಯೋಜನವಿಲ್ಲ, ಆಗಲೇ ಹೂ ಬಾಡಿರುತ್ತದೆ.

ಗಂಡು ಹೂ ಗೊಂಚಲಲ್ಲಿ, ಬರೀ ತೊಟ್ಟಿನ ಮೇಲೆ. ಹೆಣ್ಣು ಹೂ ಒಂಟಿ. ಹಿಂದೆ ಗೆರೆ ಗೆರೆಯ ಪುಟ್ಟ ಕಾಯಿ ಕಾಣುತ್ತದೆ. ಸಂಜೆ ಆರರ ನಂತರ ಆಗತಾನೆ ಅರಳಿದ ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ಹಳದಿ ಪುಡಿ ಹೆಣ್ಣು ಹೂವಿನ ನಡುವಿನ ಅಂಟಂಟು ಶಲಾಕಾಗ್ರಕ್ಕೆ (ಪುಡಿ ಅಂಟುವ ತುದಿ) ಸುತ್ತಲೂ ಮೆತ್ತಗೆ ಸವರಬೇಕು. ಒಂದು ಗಂಡು ಹೂ ಎರಡು ಹೆಣ್ಣಿಗೆ ಸಾಕು. ಮೂರ್ನಾಲ್ಕು ದಿನದಲ್ಲಿ ಕಾಯಿ ಉದ್ದವಾದರೆ ಕಚ್ಚಿತು ಎಂದರ್ಥ.

ಮೊದಮೊದಲು ಗಂಡು ಹೂ ಮಾತ್ರ ಬರುತ್ತದೆ, ಗಾಬರಿ ಬೇಡ. ಬಿಸಿಲಿಗೆ ಚೀಲದ ಮಣ್ಣು ಒಣಗಿದರೂ ಹೀಚು ಉದುರೀತು; ಏಪ್ರಿಲ್‌ನಲ್ಲಿ ಎರಡು ಹೊತ್ತು ನೀರು, ಬುಡಕ್ಕೆ ಒಣ ಎಲೆ ಹೊದಿಕೆ.